ಹನ್ನೊಂದು ವಾರ ಬೆಳೆಸಿದ್ದು ಗದಗ, ಬಹುಮಾನ ಧಾರವಾಡಕ್ಕೆ: ಒಂದು ಆನ್‌ಲೈನ್ ಫುಟ್‌ಬಾಲ್ ತಕರಾರಿನ ಪ್ರಕರಣ ಅಧ್ಯಯನ

ತಕರಾರು ಇಷ್ಟು. ಹುಬ್ಬಳ್ಳಿ-ಧಾರವಾಡದ ಗೆಳೆಯರ ಗುಂಪೊಂದು ತಾನೇ ಬರೆದು ನಡೆಸುವ ಆನ್‌ಲೈನ್ ಫುಟ್‌ಬಾಲ್ ಮ್ಯಾನೇಜರ್ ಆಟ ಒಂದಿದೆ: ಚೆಂಡು ಒದೆಯುವುದಲ್ಲ, ಮ್ಯಾನೇಜರ್ ಆಗಿ ಒಂದು ಕ್ಲಬ್ ನಡೆಸುವುದು. ಅದರಲ್ಲಿ ಪ್ರತಿ ಸೀಸನ್ ಕೊನೆಗೆ, ಆಟಗಾರರನ್ನು ಎಲ್ಲರಿಗಿಂತ ಚೆನ್ನಾಗಿ ಬೆಳೆಸಿದ ಕ್ಲಬ್‌ಗೆ ಬಹುಮಾನ. ನಮ್ಮ ಕಡೆ ಗರಡಿಯಲ್ಲಿ ಹುಡುಗರನ್ನು ತಯಾರು ಮಾಡುವವರನ್ನು ಕರೆಯುವ ಹಾಗೆ ಇದಕ್ಕೂ ‘ವಸ್ತಾದ ಬಹುಮಾನ’ ಅಂತಲೇ ಹೆಸರು. ಗೆದ್ದವರಿಗೆ ಆಟದೊಳಗೆ ದುಡ್ಡು, ಮುಂದಿನ ಸೀಸನ್‌ಗೆ ಒಬ್ಬ ಹೆಚ್ಚಿನ ಯುವ ಆಟಗಾರ. ಆಟದ ಹೊರಗೆ, ಲೈನ್ ಬಜಾರಿನಿಂದ ಒಂದು ಡಬ್ಬಿ ಪೇಡೆ. ಜಗಳ ಆಗೋದು ಯಾವಾಗಲೂ ಪೇಡೆಗೇ.

ಕಳೆದ ಸಲ ಬಹುಮಾನ ಧಾರವಾಡದ ಮ್ಯಾನೇಜರ್ ಒಬ್ಬರಿಗೆ ಹೋಯಿತು. ಫಲಿತಾಂಶ ಬಂದ ರಾತ್ರಿಯೇ ಗದಗಿನ ಮ್ಯಾನೇಜರ್ ಗುಂಪಿಗೆ ಒಂದು ದನಿ ಸಂದೇಶ ಹಾಕಿದರು: “ಅಲ್ರೀ, ಆ ಹುಡುಗನ್ನ ಹನ್ನೊಂದ್ ವಾರ ನಾ ತಯಾರ್ ಮಾಡೀನಿ. ಅವ್ರು ಒಂದ್ ವಾರ ಇಟ್ಕೊಂಡಾರ. ಬಹುಮಾನ ಅವ್ರಿಗೆ. ಇದ್ಯಾವ ಲೆಕ್ಕಾರಿ?”

ಸರ್ವರ್‌ನ ಲಾಗ್, ಅಂದರೆ ಅದರ ದಾಖಲೆ, ತೆಗೆದು ನೋಡುವ ಕೆಲಸ ನನಗೆ ಬಿತ್ತು. ಬಹುಮಾನದ ಸೂತ್ರ ಬರೆದವನು ನಾನಲ್ಲ, ಆ ಸೀಸನ್‌ನಲ್ಲಿ ನನ್ನ ಕ್ಲಬ್ ಬಹುಮಾನದ ಹತ್ತಿರವೂ ಇರಲಿಲ್ಲ. ಹಾಗಾಗಿ ಎರಡೂ ಕಡೆಯವರು ಒಪ್ಪಿದರು.

ಆಟದ ಒಳಗೆ

ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ಓದುವಾಗ ಜೊತೆಯಾದವರು ಬರೆದ ಆಟ ಇದು. ಬ್ರೌಸರ್‌ನಲ್ಲೇ ಆಡೋದು. ಚಿತ್ರ ಕಡಿಮೆ, ಅಂಕಿ ಜಾಸ್ತಿ. ಸ್ವೀಡನ್‌ನಲ್ಲಿ 1997ರಲ್ಲಿ ಶುರುವಾದ ‘ಹ್ಯಾಟ್ರಿಕ್’ ಅನ್ನುವ ಇಂಥದ್ದೇ ಆಟ ಆಡಿದವರಿಗೆ ನೋಡಿದ ತಕ್ಷಣ ಇದರ ಗುರುತು ಹತ್ತುತ್ತದೆ. ಅಲ್ಲಿಯ ಹಾಗೆ ಇಲ್ಲೂ ಒಂದು ಸೀಸನ್ ಅಂದರೆ 16 ವಾರ. ವಾರಕ್ಕೆ ಎರಡು ಪಂದ್ಯ: ಒಂದು ಲೀಗ್, ಇನ್ನೊಂದು ವಾರದ ನಡುವಿನ ಫ್ರೆಂಡ್ಲಿ, ಅಂದರೆ ಲೀಗ್ ಪಟ್ಟಿಗೆ ಸೇರದ ಪಂದ್ಯ. ವಾರಕ್ಕೆ ಒಂದೇ ಕೌಶಲದ ಟ್ರೇನಿಂಗ್ ಆರಿಸಬೇಕು. ಗುರುವಾರ ರಾತ್ರಿ ಸರ್ವರ್ ಆ ವಾರದ ಟ್ರೇನಿಂಗ್ ಲೆಕ್ಕ ಹಾಕುತ್ತದೆ.

ಆರಿಸಿದ ಕೌಶಲಕ್ಕೆ ಹೊಂದುವ ಜಾಗದಲ್ಲಿ ಆಡಿದವರಿಗೆ ಮಾತ್ರ ಟ್ರೇನಿಂಗ್ ಹತ್ತುತ್ತದೆ. ಮಿಡ್‌ಫೀಲ್ಡ್ ಆಟ ಕಲಿಸಬೇಕು ಅಂದರೆ ಹುಡುಗ ಮಿಡ್‌ಫೀಲ್ಡ್‌ನಲ್ಲಿ 90 ನಿಮಿಷ ಆಡಬೇಕು. ಬೆಂಚಿನ ಮೇಲೆ ಕೂತವನಿಗೆ ಏನೂ ಇಲ್ಲ. ಚಿಕ್ಕ ವಯಸ್ಸಿನವರು ಬೇಗ ಕಲಿಯುತ್ತಾರೆ, ವಯಸ್ಸಾದಂತೆ ನಿಧಾನ. ಕೆಳಗಿನ ಲೆವೆಲ್ ಬೇಗ ದಾಟಬಹುದು, ಮೇಲೆ ಹೋದಂತೆ ಒಂದೊಂದು ಲೆವೆಲ್ಲೂ ಭಾರ. 17 ವರ್ಷದ ಹುಡುಗ 6ರಿಂದ 7ಕ್ಕೆ ನಾಲ್ಕು ವಾರದಲ್ಲಿ ಹತ್ತಿಬಿಡುತ್ತಾನೆ. 24ರವನನ್ನು 12ರಿಂದ 13ಕ್ಕೆ ತರಬೇಕು ಅಂದರೆ ಇಡೀ ಸೀಸನ್ ಬೇಕು.

ಈ ಪ್ರಕರಣದ ಕೀಲಿ ಇನ್ನೊಂದು ಕಡೆ ಇದೆ. ಪರದೆ ಮೇಲೆ ಕಾಣೋದು ಪೂರ್ಣ ಅಂಕಿ ಮಾತ್ರ. ಹಿಂದೆ ಸರ್ವರ್‌ನಲ್ಲಿ ದಶಾಂಶ ಇರುತ್ತದೆ, ಅದು ಮ್ಯಾನೇಜರ್‌ಗೆ ಕಾಣುವುದಿಲ್ಲ. 11.06 ಇದ್ದರೂ 11, 11.93 ಇದ್ದರೂ 11. ಇದು ನಮ್ಮ ಆಟದ ವಿಚಿತ್ರ ಅಂದುಕೊಳ್ಳಬೇಡಿ. ಈ ಜಾತಿಯ ಆಟಗಳೆಲ್ಲ ಸ್ವಲ್ಪ ಮುಚ್ಚಿಡುತ್ತವೆ. ‘ಫುಟ್‌ಬಾಲ್ ಮ್ಯಾನೇಜರ್’ ಅಂತಲೇ ಹೆಸರಿರುವ ಆಟದಲ್ಲಿ ಆಟಗಾರನ ಗುಣಗಳು 1ರಿಂದ 20ರವರೆಗೆ ಕಾಣುತ್ತವೆ. ಆದರೆ ಒಟ್ಟು ಸಾಮರ್ಥ್ಯ, ಮುಂದೆ ಎಷ್ಟು ಬೆಳೆಯಬಲ್ಲ ಅನ್ನೋದು, ಎರಡೂ 200ರ ಅಳತೆಯಲ್ಲಿ ಒಳಗೇ ಇರುತ್ತವೆ. ಎಲ್ಲಾ ಕಂಡುಬಿಟ್ಟರೆ ಆಟ ಎಲ್ಲಿ ಉಳೀತು?

ಹಳೆಯ ಸೂತ್ರ ಏನು ಹೇಳುತ್ತಿತ್ತು

ಸೀಸನ್ ಕೊನೆಯ ದಿನ ಕ್ಲಬ್‌ನಲ್ಲಿ ಇರುವ ಆಟಗಾರರನ್ನು ನೋಡು. ಈ ಕ್ಲಬ್‌ಗೆ ಬಂದಾಗ, ಅಥವಾ ಸೀಸನ್ ಶುರುವಾದಾಗ, ಅವರ ಲೆವೆಲ್ ಎಷ್ಟಿತ್ತು, ಈಗ ಎಷ್ಟಿದೆ, ಕಳೆ. ಎಲ್ಲರದೂ ಕೂಡಿಸು. ಜಾಸ್ತಿ ಬಂದವರು ಗೆದ್ದರು. ಮೇಲ್ನೋಟಕ್ಕೆ ಯಾರೂ ಬೇಡ ಅನ್ನುವಂತಿಲ್ಲ. ಬೆಳೆಸುವುದು ಅಂದರೆ ಏರಿಸುವುದೇ ತಾನೆ.

ಗದಗಿನವರ ಮಿಡ್‌ಫೀಲ್ಡರ್‌ನ ಲಾಗ್ ಹೀಗಿತ್ತು. 21 ವರ್ಷದ ಆಟಗಾರ. ಸೀಸನ್ ಶುರುವಾದಾಗ 11.06. ಹನ್ನೊಂದು ವಾರದ ಟ್ರೇನಿಂಗ್ ನಂತರ 11.93. ಪರದೆ ಮೇಲೆ ಆಗಲೂ 11, ಈಗಲೂ 11. ಅಷ್ಟರಲ್ಲಿ ಗದಗಿನ ಕ್ಲಬ್‌ನ ಖಜಾನೆ ಖಾಲಿಯಾಗಿ, ಸಂಬಳ ಕೊಡಲು ದುಡ್ಡಿಲ್ಲದೆ ಅವನನ್ನು ಹರಾಜಿಗೆ ಹಾಕಿದರು. ಧಾರವಾಡದವರು ಕೊಂಡರು. ಮುಂದಿನ ಗುರುವಾರ ರಾತ್ರಿ 0.08 ಸೇರಿ 12.01 ಆಯಿತು. ಪರದೆ ಮೇಲೆ 12.

ಹಳೆಯ ಸೂತ್ರದಲ್ಲಿ ಧಾರವಾಡಕ್ಕೆ ಪೂರಾ ಒಂದು ಲೆವೆಲ್. ಗದಗಿಗೆ ಸೊನ್ನೆ. ಅದೂ ಸೀಸನ್ ಕೊನೆಗೆ ಆಟಗಾರ ಅವರ ಹತ್ತಿರ ಇಲ್ಲವಲ್ಲ, ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ. ದಶಾಂಶದ ಪ್ರಕಾರ ಗದಗಿನದು 0.87, ಧಾರವಾಡದ್ದು 0.08.

ಇದು ಅದೃಷ್ಟವೂ ಆಗಿರಲಿಲ್ಲ. ಧಾರವಾಡದವರು ಕೊನೆಯ ವಾರಗಳಲ್ಲಿ ಇಂಥದ್ದೇ ಹಲವು ಆಟಗಾರರನ್ನು ಕೊಂಡಿದ್ದರು. ದಶಾಂಶ ಅವರಿಗೂ ಕಾಣುವುದಿಲ್ಲ. ಆದರೆ ಯಾವ ಆಟಗಾರ ಯಾವಾಗ ಲೆವೆಲ್ ಏರಿದ, ಆಮೇಲೆ ಎಷ್ಟು ಪಂದ್ಯ ಯಾವ ಜಾಗದಲ್ಲಿ ಆಡಿದ ಅನ್ನೋದು ಎಲ್ಲರಿಗೂ ಕಾಣುತ್ತದೆ. ಅದನ್ನು ಎಕ್ಸೆಲ್ ಶೀಟ್‌ಗೆ ಹಾಕಿ, ಏರುವ ಹೊಸ್ತಿಲಲ್ಲಿ ಯಾರಿದ್ದಾರೆ ಅಂತ ಲೆಕ್ಕ ತೆಗೆದಿದ್ದರು. ನನಗೆ ಆ ಶೀಟ್ ತೋರಿಸಿದರು ಕೂಡ, ಮುಚ್ಚಿಡಲಿಲ್ಲ. ಬಲು ಚೆಂದದ ಕೆಲಸ. ಆಟಗಾರರನ್ನು ಬೆಳೆಸಿದ ಕೆಲಸ ಮಾತ್ರ ಅದಲ್ಲ.

ಲಾಗ್ ನೋಡುವಾಗ ಇನ್ನೊಂದು ತಮಾಷೆ ಕಂಡಿತು. ಸೀಸನ್ ಮುಗಿಯುವ ಹಿಂದಿನ ರಾತ್ರಿ, ಹತ್ತು ಗಂಟೆಯಿಂದ ಹನ್ನೆರಡರ ಒಳಗೆ, ಮಾರುಕಟ್ಟೆಗೆ ಮುದುಕರ ಸಂತೆಯೇ ಇಳಿದಿತ್ತು. 33ರ ಗೋಲಿಗಳು (ಗೋಲ್‌ಕೀಪರ್‌ಗಳು), 34ರ ಡಿಫೆಂಡರ್‌ಗಳು, ಎಲ್ಲರನ್ನೂ ಪುಕ್ಕಟೆ ಬಿಟ್ಟುಬಿಟ್ಟಿದ್ದರು. ಯಾಕೆ? ವಯಸ್ಸಾದವರ ಲೆವೆಲ್ ಇಳಿಯುತ್ತದೆ. ಇಳಿದದ್ದು ಸೂತ್ರದಲ್ಲಿ ಮೈನಸ್. ಕೊನೆಯ ದಿನ ಕ್ಲಬ್‌ನಲ್ಲಿ ಇಲ್ಲದಿದ್ದರೆ ಮೈನಸ್ಸೂ ಇಲ್ಲ. ಇಡೀ ಸೀಸನ್ ಗೋಲ್ ಕಾಯ್ದವನನ್ನು ಒಂದು ಅಂಕ ಉಳಿಸಲು ಬೀದಿಗೆ ಬಿಟ್ಟು, ಮರುದಿನ ಬೆಳಗ್ಗೆ ವಾಪಸ್ ಕರೆದುಕೊಂಡವರೂ ಇದ್ದರು.

ಅಂದರೆ ಗದಗಿನವರ ದೂರು ಒಬ್ಬರ ದೂರು ಅಲ್ಲ. ಒಂದು ದಿನದ ಫೋಟೋ ತೆಗೆದು ಬಹುಮಾನ ಕೊಟ್ಟರೆ ಎಲ್ಲರೂ ಆ ಫೋಟೋಗೆ ಮುಖ ತೊಳೆದುಕೊಂಡು ನಿಲ್ಲುತ್ತಾರೆ. ಮಿಕ್ಕ 15 ವಾರ ಏನು ಮಾಡಿದರು ಅನ್ನೋದು ಫೋಟೋದಲ್ಲಿ ಬರುವುದಿಲ್ಲ.

ನಿಜವಾದ ಫುಟ್‌ಬಾಲ್ ಏನು ಮಾಡುತ್ತದೆ

ಹೊಸ ನಿಯಮ ಯೋಚಿಸುವಾಗ ಮೊದಲು ನೋಡಿದ್ದು ಫುಟ್‌ಬಾಲ್‌ನ ವಿಶ್ವ ಸಂಸ್ಥೆ ಫಿಫಾದ ದಾರಿ. ಸಣ್ಣ ಕ್ಲಬ್ ಬೆಳೆಸಿ, ದೊಡ್ಡ ಕ್ಲಬ್ ಕೊಯ್ದುಕೊಳ್ಳುವ ಸಮಸ್ಯೆ ಅಲ್ಲಿ ನಿಜವಾದ ಕೋಟಿಗಳದ್ದು. 2001ರ ವರ್ಗಾವಣೆ ನಿಯಮಗಳಲ್ಲಿ ಅವರು ಎರಡು ದಾರಿ ಮಾಡಿದರು. ಒಂದು, ತರಬೇತಿ ಪರಿಹಾರ: ಹುಡುಗ ಮೊದಲ ಸಲ ವೃತ್ತಿಪರನಾಗಿ ಸಹಿ ಹಾಕಿದಾಗ, ಮತ್ತೆ 23ರ ವಯಸ್ಸಿನವರೆಗೆ ಬೇರೆ ದೇಶದ ಕ್ಲಬ್‌ಗೆ ಹೋದಾಗ, ಬೆಳೆಸಿದವರಿಗೆ ದುಡ್ಡು. ಇನ್ನೊಂದು, ಸಾಲಿಡಾರಿಟಿ ಪಾಲು. ನಮಗೆ ಉಪಯೋಗಕ್ಕೆ ಬಂದದ್ದು ಇದು.

ಕರಾರು ಮುಗಿಯುವ ಮೊದಲೇ ಆಟಗಾರ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ಮಾರಾಟವಾದರೆ, ಆ ದುಡ್ಡಿನಲ್ಲಿ ಶೇ. 5ನ್ನು ತೆಗೆದಿಟ್ಟು, 12ರಿಂದ 23ನೇ ವಯಸ್ಸಿನ ನಡುವೆ ಅವನನ್ನು ಬೆಳೆಸಿದ ಎಲ್ಲ ಕ್ಲಬ್‌ಗಳಿಗೆ ಹಂಚಬೇಕು. ಹಂಚುವ ರೀತಿಯೂ ನಿಖರ. ಮಾರಾಟ ಒಂದು ಕೋಟಿ ರೂಪಾಯಿ ಅಂತ ಇಟ್ಟುಕೊಳ್ಳಿ. ಹಂಚುವ ಮೊತ್ತ 5 ಲಕ್ಷ. 12ರಿಂದ 15ರವರೆಗಿನ ನಾಲ್ಕು ಸೀಸನ್‌ಗೆ ತಲಾ 25 ಸಾವಿರ, 16ರಿಂದ 23ರವರೆಗಿನ ಎಂಟು ಸೀಸನ್‌ಗೆ ತಲಾ 50 ಸಾವಿರ. ಅಲ್ಲಿಗೆ ಐದು ಲಕ್ಷ ಸರಿಹೋಯಿತು. ಹುಡುಗ ಎರಡು ಸೀಸನ್ ಮಾತ್ರ ಇದ್ದ ಸಣ್ಣ ಕ್ಲಬ್‌ಗೂ ಆ ಎರಡು ಸೀಸನ್‌ನ ಪಾಲು ಬರುತ್ತದೆ. ಅವನು ಆಮೇಲೆ ಎಷ್ಟು ಕ್ಲಬ್ ದಾಟಿದ ಅನ್ನುವುದು ಲೆಕ್ಕಕ್ಕಿಲ್ಲ.

ನಿಯಮ ಇದ್ದ ಮಾತ್ರಕ್ಕೆ ದುಡ್ಡು ಕೈಗೆ ಬರುವುದಿಲ್ಲ, ಅದು ಬೇರೆ ಮಾತು. ಆಟಗಾರ ಯಾವ ವಯಸ್ಸಿನಲ್ಲಿ ಎಲ್ಲಿದ್ದ ಅಂತ ದಾಖಲೆ ತೋರಿಸುವುದು, ಮಾರಾಟ ಆದದ್ದು ತಿಳಿಯುವುದು, ಕೇಳುವುದು, ಎಲ್ಲಾ ಸಣ್ಣ ಕ್ಲಬ್‌ನ ತಲೆಮೇಲೇ ಇತ್ತು. ಅದಕ್ಕೇ 2022ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಫಿಫಾ ಕ್ಲಿಯರಿಂಗ್ ಹೌಸ್ ಶುರುವಾಯಿತು. ಆಟಗಾರನ ಎಲೆಕ್ಟ್ರಾನಿಕ್ ಪಾಸ್‌ಪೋರ್ಟ್, ಅಂದರೆ ಅವನು ಯಾವಾಗ ಯಾವ ಕ್ಲಬ್‌ನಲ್ಲಿದ್ದ ಅನ್ನುವ ದಾಖಲೆ, ನೋಡಿ ಯಾರಿಗೆ ಎಷ್ಟು ಅಂತ ಅವರೇ ಲೆಕ್ಕ ತೆಗೆದು, ದುಡ್ಡು ಅವರ ಮೂಲಕವೇ ಹೋಗುತ್ತದೆ. ನಮ್ಮಲ್ಲಿ ಈ ತೊಂದರೆ ಇಲ್ಲ. ಪ್ರತಿ ಗುರುವಾರದ ದಶಾಂಶ ಸರ್ವರ್‌ನಲ್ಲೇ ಕೂತಿದೆ. ಅದನ್ನು ಯಾರೂ ಬಳಸಿರಲಿಲ್ಲ, ಅಷ್ಟೇ.

ಉಣಕಲ್ ಕೆರೆ ದಂಡೆಯ ಮಾತುಕತೆ

ಒಂದು ಭಾನುವಾರ ಸಂಜೆ ಉಣಕಲ್ ಕೆರೆ ಹತ್ತಿರ ಸೇರಿದೆವು. ಗದಗಿನವರು ಬಸ್ ಹತ್ತಿ ಬಂದರು, ಧಾರವಾಡದವರು ಅವಳಿ ನಗರದ ‘ಚಿಗರಿ’ ಬಸ್ಸಿನಲ್ಲಿ. ಬೆಂಗಳೂರು, ಪುಣೆಯಲ್ಲಿ ಇರುವವರು ಫೋನ್‌ನಲ್ಲಿ. ಗಿರಮಿಟ್ ಬಂತು, ಮಿರ್ಚಿ ಬಂತು, ಆಮೇಲೆ ಮಾತು ಬಂತು.

ಧಾರವಾಡದವರು ಮೊದಲೇ ಹೇಳಿದರು, “ನಾ ರೂಲ್ ಮುರದಿಲ್ರಿ. ಹರಾಜು ಎಲ್ಲಾರಿಗೂ ತೆರೆದಿತ್ತು. ಅವ್ರು ಮಾರಿದ್ರು, ನಾ ರೊಕ್ಕ ಕೊಟ್ಟು ತಗೊಂಡೆ.” ನೂರಕ್ಕೆ ನೂರು ನಿಜ. ಅದಕ್ಕೇ ಹಳೆಯ ಬಹುಮಾನ ವಾಪಸ್ ಪಡೆಯುವ ಮಾತನ್ನು ಅಲ್ಲೇ ಕೈಬಿಟ್ಟೆವು. ಆಡುವಾಗ ಇದ್ದ ನಿಯಮದಲ್ಲಿ ಗೆದ್ದವರು ಗೆದ್ದವರೇ. ಗದಗಿನವರೂ ಇದಕ್ಕೆ ತಲೆಯಾಡಿಸಿದರು, ಸ್ವಲ್ಪ ತಡವಾಗಿ.

ಮೊದಲ ಸಲಹೆ ಸುಲಭದ್ದು: ಸೀಸನ್ ಕೊನೆಯ ಲೆವೆಲ್ ಬಿಟ್ಟು, ಪ್ರತಿ ವಾರ ಸೇರಿದ ದಶಾಂಶವನ್ನು ಆ ವಾರ ಆಟಗಾರ ಇದ್ದ ಕ್ಲಬ್‌ನ ಖಾತೆಗೆ ಹಾಕೋಣ. ಗದಗಿಗೆ 0.87, ಧಾರವಾಡಕ್ಕೆ 0.08. ಸರಿ. ಆದರೆ ಕೇಶ್ವಾಪುರದ ಮ್ಯಾನೇಜರ್ ಅಕ್ಕ ಒಬ್ಬರು ಅಲ್ಲೇ ತಡೆದರು. ಹಾಗೆ ಮಾಡಿದರೆ ಎಲ್ಲರೂ 17ರ ಹುಡುಗರನ್ನೇ ತುಂಬಿಕೊಳ್ಳುತ್ತಾರೆ, ದಶಾಂಶ ಬೇಗ ಬೀಳೋದು ಅವರಿಗೇ, ದೊಡ್ಡವನನ್ನು 12ರಿಂದ 13ಕ್ಕೆ ತರುವವರು ಯಾವತ್ತೂ ಗೆಲ್ಲುವುದಿಲ್ಲ ಅಂದರು. ಮಾತು ಸರಿ. ನಾಲ್ಕು ವಾರಕ್ಕೆ ಒಂದು ಲೆವೆಲ್ ಏರುವವನೂ, ಹದಿನಾರು ವಾರಕ್ಕೆ ಒಂದು ಏರುವವನೂ ಒಂದೇ ತಕ್ಕಡಿಯಲ್ಲಿ ಕೂರುವುದಿಲ್ಲ.

ಹಾಗಾದರೆ ದಶಾಂಶ ಬಿಟ್ಟು ವಾರವನ್ನೇ ಎಣಿಸಿದರೆ? ಪೂರ್ತಿ 90 ನಿಮಿಷ ಸರಿಯಾದ ಜಾಗದಲ್ಲಿ ಆಡಿ ಟ್ರೇನಿಂಗ್ ಪಡೆದರೆ ಒಂದು ‘ಕಲಿಕೆಯ ವಾರ’. ಅರ್ಧ ಸಿಕ್ಕಿದರೆ ಅರ್ಧ. ವಯಸ್ಸು ಎಷ್ಟೇ ಇರಲಿ, ಲೆವೆಲ್ ಎಷ್ಟೇ ಇರಲಿ. ಇದರಲ್ಲಿ ನನಗೆ ಇಷ್ಟವಾದದ್ದು ಏನೆಂದರೆ, ಇದು ಆಟಗಾರ ಏನಾದ ಅಂತ ಕೇಳುವುದಿಲ್ಲ, ಮ್ಯಾನೇಜರ್ ಏನು ಮಾಡಿದರು ಅಂತ ಕೇಳುತ್ತದೆ. ವಯಸ್ಸು ಮ್ಯಾನೇಜರ್ ಕೈಯಲ್ಲಿಲ್ಲ. ಯಾರನ್ನು ಎಲ್ಲಿ ಆಡಿಸುವುದು ಅನ್ನುವ ಲೈನ್‌ಅಪ್ ಅವರ ಕೈಯಲ್ಲೇ ಇದೆ.

ಇದಕ್ಕೂ ಒಂದು ತೊಡಕು ಬಂತು. ಮಿಡ್‌ಫೀಲ್ಡ್ ಟ್ರೇನಿಂಗ್ ಇಟ್ಟವರು ಪಂದ್ಯಕ್ಕೆ ಮೂವರಂತೆ ಎರಡು ಪಂದ್ಯದಲ್ಲಿ ಆರು ಜನರಿಗೆ ಪೂರ್ತಿ ಕಲಿಸಬಹುದು. ಅಕ್ಕಪಕ್ಕದ ನಾಲ್ವರು ವಿಂಗರ್‌ಗಳಿಗೆ ಅರ್ಧರ್ಧ. ಒಟ್ಟು ವಾರಕ್ಕೆ ಎಂಟು. ಗೋಲಿ ಟ್ರೇನಿಂಗ್ ಇಟ್ಟವರಿಗೆ? ಪಂದ್ಯಕ್ಕೆ ಒಬ್ಬನೇ ಗೋಲಿ. ವಾರಕ್ಕೆ ಇಬ್ಬರು, ಮುಗೀತು. ಬರೀ ವಾರ ಎಣಿಸಿದರೆ ಗೋಲಿ ಬೆಳೆಸುವವರು ಸ್ಪರ್ಧೆಯಲ್ಲೇ ಇಲ್ಲ. ಅದಕ್ಕೆ ಪ್ರತಿ ಟ್ರೇನಿಂಗ್‌ಗೂ ಅದರದೇ ಗರಿಷ್ಠವನ್ನು 100 ಅಂತ ಇಟ್ಟೆವು. ಎಂಟರಲ್ಲಿ ಆರು ತುಂಬಿದರೆ 75. ಇಬ್ಬರಲ್ಲಿ ಇಬ್ಬರೂ ಆಡಿದರೆ 100. ಸೀಸನ್ ಪೂರ್ತಿಯ ಸರಾಸರಿ ನಿಮ್ಮ ಅಂಕ.

ಒಳ್ಳೆಯ ಕೋಚ್ ಇಟ್ಟವರಿಗೆ ಜಾಸ್ತಿ ಕೊಡಬೇಕಾ ಅನ್ನೋದರ ಮೇಲೆ ಅರ್ಧ ಸಂಜೆ ಹೋಯಿತು. ಕೋಚ್‌ಗೆ ದುಡ್ಡು ಸುರಿಯುವುದೂ ಒಂದು ತೀರ್ಮಾನವೇ, ಅದಕ್ಕೂ ಬೆಲೆ ಬೇಕು ಅಂತ ಒಂದು ಪಕ್ಷ. ಒಳ್ಳೆಯ ಕೋಚ್ ಇದ್ದರೆ ಆಟಗಾರ ಬೇಗ ಬೆಳೆಯುತ್ತಾನೆ, ಅದೇ ಅವರ ಲಾಭ, ಮೇಲೆ ಮತ್ತೆ ಬಹುಮಾನ ಯಾಕೆ ಅಂತ ಇನ್ನೊಂದು. ನಾನು ಎರಡನೆಯ ಪಕ್ಷ. ದುಡ್ಡಿದ್ದವರಿಗೆ ಎರಡು ಸಲ ಕೊಟ್ಟ ಹಾಗಾಗುತ್ತದೆ. ಕೊನೆಗೆ ಕೋಚ್ ಲೆಕ್ಕಕ್ಕಿಲ್ಲ ಅಂತಾಯಿತು. ಲೀಗ್ ಪಂದ್ಯದಲ್ಲಿ ಹುಡುಗರನ್ನು ಇಳಿಸಿದರೆ ಹೆಚ್ಚು ಅಂಕ ಅನ್ನುವ ಸಲಹೆಯೂ ಬಿತ್ತು. ಸೋಲುವುದಕ್ಕೆ ಬಹುಮಾನ ಕೊಟ್ಟ ಹಾಗೆ ಅಂತ ಎಲ್ಲರೂ ನಕ್ಕರು.

ಆದರೆ ರಾಣೆಬೆನ್ನೂರಿನ ತಮ್ಮ ಒಬ್ಬ ಫೋನ್‌ನಲ್ಲೇ ಕೇಳಿದ ಪ್ರಶ್ನೆ ಯಾರನ್ನೂ ನಗಿಸಲಿಲ್ಲ. “ಅಣ್ಣಾ, ಹಂಗಾದ್ರ ಯಾವನರ ಆರು ಮಂದಿನ್ನ ಹಿಡದು ಎರಡು ಪಂದ್ಯದಾಗ ಆಡಿಸಿದ್ರ 75 ಬಂತು. ಹುಡುಗ ಯಾರು ಅಂತ ನೋಡೂದ ಬ್ಯಾಡ?” ಹೌದಲ್ಲ. ಗೈರುಹಾಜರಾಗದೆ ಲೈನ್‌ಅಪ್ ಹಾಕಿದ್ದಕ್ಕೆ ಬಹುಮಾನ ಕೊಡುವುದು, ಶಾಲೆಯಲ್ಲಿ ಹಾಜರಿಗೆ ಬಹುಮಾನ ಕೊಟ್ಟಷ್ಟೇ ಆಯಿತು. ಯಾರನ್ನು ಆರಿಸಿ ಬೆಳೆಸಿದೆ ಅನ್ನೋದಕ್ಕೂ ಬೆಲೆ ಬೇಕು.

ಇಲ್ಲಿ ಫಿಫಾದ ಪಾಲು ಕೈಹಿಡಿಯಿತು. 100ರಲ್ಲಿ 70 ಅಂಕ ಕಲಿಕೆಯ ವಾರಗಳಿಗೆ, ಸೀಸನ್ ಕೊನೆಗೇ. ಉಳಿದ 30, ಮುಂದಿನ ಎರಡು ಸೀಸನ್‌ಗಳಲ್ಲಿ ಆ ಆಟಗಾರರು ಮೇಲಿನ ಡಿವಿಜನ್‌ನಲ್ಲಿ ಆಡುವ ನಿಮಿಷಗಳಿಗೆ. ಆ ನಿಮಿಷ ಯಾವ ಕ್ಲಬ್‌ನ ಅಂಗಿಯಲ್ಲಿ ಆಡಿದರೂ ಸರಿ, ಅಂಕ ಹೋಗುವುದು ಬೆಳೆಸಿದವರಿಗೆ, ಅವರವರು ಕೊಟ್ಟ ಕಲಿಕೆಯ ವಾರಗಳ ಪಾಲಿನಂತೆ. ಹನ್ನೊಂದು ವಾರ ಗದಗಿನದು, ಒಂದು ವಾರ ಧಾರವಾಡದ್ದು ಆದರೆ, ಹನ್ನೆರಡರಲ್ಲಿ ಹನ್ನೊಂದು ಪಾಲು ಗದಗಿಗೆ.

ಇಬ್ಬರು ಗೆಳೆಯರು ಸೇರಿ ಆಟಗಾರನನ್ನು ಅತ್ತಿಂದಿತ್ತ ಮಾರಿ ಅಂಕ ಹುಟ್ಟಿಸಬಹುದಾ ಅಂತ ನೋಡಿದೆ. ಆಗುವುದಿಲ್ಲ. ಎಷ್ಟು ಕೈ ಬದಲಾದರೂ ಒಟ್ಟು ಪಾಲು ಒಂದೇ, ಹಂಚಿಕೆ ಮಾತ್ರ ಬೇರೆ. ಗಾಯವಾದರೆ? ಆಗಲೇ ಕೊಟ್ಟ ವಾರ ಖಾತೆಯಲ್ಲಿ ಉಳಿಯುತ್ತದೆ. ಮುದುಕರಿಗೆ ಮೈನಸ್ ಇಲ್ಲ.

ಹಳೆಯ ಸೀಸನ್, ಹೊಸ ಲೆಕ್ಕ

ಸುಮ್ನೆ ಕುತೂಹಲಕ್ಕೆ, ಜಗಳ ಆದ ಸೀಸನ್ನನ್ನೇ ಹೊಸ ಲೆಕ್ಕಕ್ಕೆ ಹಾಕಿದೆ. ಮುಂದಿನ ಸೀಸನ್‌ಗಳ ನಿಮಿಷ ಇನ್ನೂ ಇರಲಿಲ್ಲ, ಹಾಗಾಗಿ 70ರ ಭಾಗ ಮಾತ್ರ. ಧಾರವಾಡದವರು ಪಟ್ಟಿಯ ನಡುವೆಲ್ಲೋ ಹೋದರು, ಅದು ನಿರೀಕ್ಷೆ ಇದ್ದದ್ದೇ. ಆದರೆ ಗದಗಿನವರೂ ಮೊದಲು ಬರಲಿಲ್ಲ. ಮೂರನೆಯವರು. ಮೊದಲು ಬಂದದ್ದು ಕೇಶ್ವಾಪುರದ ಅಕ್ಕ. ಒಬ್ಬರನ್ನೂ ಮಾರದೆ, ಹರಾಜಿನಲ್ಲಿ ಒಂದೂ ಬಿಡ್ ಹಾಕದೆ, ಇಬ್ಬರು ಗೋಲಿಗಳನ್ನು ವಾರವಾರವೂ ಆಡಿಸಿದ್ದರು. ಹಳೆಯ ಪಟ್ಟಿಯಲ್ಲಿ ಅವರ ಹೆಸರು ಎಲ್ಲೋ ಕೆಳಗಿತ್ತು, ದೂರನ್ನೂ ಕೊಟ್ಟಿರಲಿಲ್ಲ.

ಗದಗಿನವರಿಗೆ ಫೋನ್ ಮಾಡಿ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, “ಮೂರನೇದಾ? ಯಾವ ವಾರ ತಪ್ಪೀನಿ ತೋರಸ್ರಿ” ಅಂದರು. ತೋರಿಸಿದೆ. ನಾಲ್ಕು ವಾರ ಫ್ರೆಂಡ್ಲಿ ಪಂದ್ಯವನ್ನೇ ಬುಕ್ ಮಾಡಿರಲಿಲ್ಲ. ಮನೆಯಲ್ಲಿ ತಂಗಿಯ ಮದುವೆ ಇತ್ತಂತೆ.

ಈ ಸೀಸನ್‌ನಲ್ಲಿ ಬದಲಾದದ್ದು ಕಣ್ಣಿಗೆ ಕಾಣುತ್ತಿದೆ. ಏರುವ ಹೊಸ್ತಿಲಲ್ಲಿ ಇರುವ ಆಟಗಾರನಿಗೆ ಕೊನೆಯ ವಾರಗಳಲ್ಲಿ ಬರುತ್ತಿದ್ದ ಹುಚ್ಚು ಬಿಡ್ ನಿಂತಿದೆ. ದುಡ್ಡಿಲ್ಲದೆ ಮಾರುವವರಿಗೆ ಇದರಿಂದ ಸ್ವಲ್ಪ ನಷ್ಟವೇ, ಅದನ್ನು ಗದಗಿನವರೇ ಮೊದಲು ಎತ್ತಿ ತೋರಿಸಿದರು. ಫ್ರೆಂಡ್ಲಿ ಪಂದ್ಯಕ್ಕೆ ಎದುರಾಳಿ ಬೇಕು ಅಂತ ಕೇಳುವ ಸಂದೇಶಗಳು ಸೋಮವಾರದಿಂದಲೇ ಶುರುವಾಗುತ್ತವೆ. ಧಾರವಾಡದವರು ಹೊಸ ಎಕ್ಸೆಲ್ ಶೀಟ್ ಮಾಡಿಕೊಂಡಿದ್ದಾರೆ. ಈಗ ಅದರಲ್ಲಿ 18ರ ಯಾವ ಹುಡುಗ ಮುಂದಿನ ಎರಡು ಸೀಸನ್‌ನಲ್ಲಿ ಮೇಲಿನ ಡಿವಿಜನ್ ಆಡಬಲ್ಲ ಅನ್ನುವ ಲೆಕ್ಕ ಇದೆ.

ಒಂದು ವಿಷಯ ಮಾತ್ರ ಇನ್ನೂ ಎಳೆದಾಡುತ್ತಿದೆ. ಅಂಕಗಳನ್ನು ಆಟಗಾರನವಾರು, ವಾರವಾರ ಪ್ರಕಟಿಸಿ ಅಂತ ಹಲವರು ಕೇಳುತ್ತಾರೆ, ನಂಬಿಕೆಗೆ. ಕೇಳುವುದು ನ್ಯಾಯವೇ. ಆದರೆ ಯಾರಿಗೆ ಯಾವ ವಾರ ಪೂರ್ತಿ ಕಲಿಕೆ, ಯಾವ ವಾರ ಅರ್ಧ ಅಂತ ಹೊರಗೆ ಬಂದರೆ, ಎದುರಾಳಿಯ ಆಟಗಾರನ ಮುಚ್ಚಿಟ್ಟ ದಶಾಂಶವನ್ನು ಯಾರು ಬೇಕಾದರೂ ಹತ್ತಿರಹತ್ತಿರ ಕಟ್ಟಿಬಿಡಬಹುದು. ಹರಾಜಿನ ಮಜಾ ಹೋಗುತ್ತದೆ. ಸದ್ಯಕ್ಕೆ ಒಪ್ಪಿಕೊಂಡದ್ದು ಹೀಗೆ: ಸೀಸನ್ ಕೊನೆಗೆ ಕ್ಲಬ್‌ನ ಒಟ್ಟು ಅಂಕ ಎಲ್ಲರಿಗೂ, ಆಟಗಾರನವಾರು ಖಾತೆ ಒಂದು ಸೀಸನ್ ತಡವಾಗಿ. ಅಷ್ಟರವರೆಗೆ ಯಾರಿಗಾದರೂ ಅನುಮಾನ ಬಂದರೆ, ಅವರ ಸ್ವಂತ ಕ್ಲಬ್‌ನ ಲಾಗ್ ಕೇಳಿ ಪಡೆಯಬಹುದು. ಮೊದಲು ಕೇಳಿದವರು ಕೇಶ್ವಾಪುರದ ಅಕ್ಕ.